ಅರಗು ಹಾಕಿದ ರಕ್ತದ ಬಾಟಲಿ

ಕಲಬುರ್ಗಿಯ ಕಾಳಿನ ಪೇಟೆ ನೆಹರು ಗಂಜಿನಲ್ಲಿ ಅಂಗಡಿ ಇಟ್ಟವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೊಗರಿ ಚೀಲಗಳ ಜೊತೆಗೆ ಅದೂ ಬಂದು ಇಳಿಯುತ್ತದೆ, ಹಮಾಲಿ ಕೂಲಿಯನ್ನೂ ಕೇಳುವುದಿಲ್ಲ. ಮೂವತ್ತು ವರ್ಷ ಬೇಳೆಕಾಳಿನ ವ್ಯಾಪಾರ ಮಾಡಿದ್ದೇನೆ. ಆದರೆ ನೆನೆಸಿಕೊಂಡಾಗಲೆಲ್ಲ ನಗು ಬರುವುದು ಬೇಳೆಯಿಂದಲ್ಲ, ರಕ್ತದಿಂದ. ಅದು ಹೇಗೆಂದು ಹೇಳುತ್ತೇನೆ.

೧. ಬೋರ್ಡು

ತೊಂಬತ್ತರ ದಶಕದ ನಡುವಿನ ಮಾತು. ಅಂಗಡಿಗೆ ಹೊಂದಿಕೊಂಡಿದ್ದ ಒಂದು ಕೋಣೆಯನ್ನು ಒಬ್ಬ ಡಾಕ್ಟರಿಗೆ ಬಾಡಿಗೆಗೆ ಕೊಟ್ಟೆ. ನೆಗಡಿ, ಜ್ವರ, ಹಮಾಲರ ಸೊಂಟನೋವು ನೋಡುವ ಸಾದಾ ಡಾಕ್ಟರು. ನಮ್ಮ ಕಡೆಯವರೇ. ಎಲ್ಲ ಸರಿಯಿದ್ದರು, ತಲೆಯಲ್ಲಿ ಒಂದು ಹುಳ ಮಾತ್ರ ಇತ್ತು. ಮದುವೆಗೆ ಮುಂಚೆ ಹುಡುಗ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಬೇಕು ಎನ್ನುವುದು.

ನನಗೆ ಅವರು ತಿಳಿಸಿ ಹೇಳಿದ್ದು ಇಷ್ಟು. ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಇರುತ್ತದೆ, ಅದಕ್ಕೆ ಥಲಸ್ಸೀಮಿಯಾ ಎನ್ನುತ್ತಾರೆ. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಏನೂ ಆಗುವುದಿಲ್ಲ. ಉಂಡುತಿಂದು ಮುಪ್ಪಿನವರೆಗೆ ಬದುಕಬಹುದು, ಇದೆಯೆಂದು ಗೊತ್ತೂ ಆಗುವುದಿಲ್ಲ. ಅಂಥ ಇಬ್ಬರೇ ಮದುವೆಯಾದರೆ ಮಾತ್ರ ಕಷ್ಟ. ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆ ಮಗು ಬದುಕಬೇಕೆಂದರೆ ತಿಂಗಳು ತಿಂಗಳು ಬೇರೆಯವರ ರಕ್ತ ಏರಿಸುತ್ತಿರಬೇಕು. ಅಂಥ ಒಂದು ಮಗುವನ್ನು ಅವರು ಹತ್ತಿರದಿಂದ ನೋಡಿದ್ದರು. ಅದರ ತಂದೆ ತಾಯಿ ಸೋದರಿಕೆಯಲ್ಲೇ ಮದುವೆಯಾದವರು.

"ಇದಕ್ಕ ದೊಡ್ಡ ದವಾಖಾನಿ ಬೇಕಿಲ್ರಿ ಸಾವ್ಕಾರ್ರ. ನನ್ನಂಥ ಜ್ವರದ ಡಾಕ್ಟರು ಒಂದು ಸಣ್ಣ ಬಾಟಲಿ ರಕ್ತ ತಗೊಂಡು ಹೈದರಾಬಾದಿಗಿ ಕಳಿಸಿದ್ರ ಮುಗೀತು" ಎಂದರು.

ಹಾಗೆಂದು ಒಂದು ಬೋರ್ಡು ಬರೆಸಿದರು. ಪೇಂಟರು ಅಕ್ಷರದ ಲೆಕ್ಕದಲ್ಲಿ ಕೂಲಿ ಹೇಳಿದ್ದರಿಂದ ಬೋರ್ಡು ಚಿಕ್ಕದಾಯಿತು: 'ಮದುವೆಗೆ ಮುಂಚೆ ಇಲ್ಲಿಗೆ ಬನ್ನಿ.'

ಮಧ್ಯಾಹ್ನದೊಳಗೆ ಒಬ್ಬ ರೈತ ಬಂದು ಕೂತ. ಮಾಲು ಮಾರಲು ಬಂದವನು. ಬೋರ್ಡು ನೋಡಿ ಊರಿಗೆ ಹೋಗಿ, ಮಗಳ ಫೋಟೋ, ಜಾತಕ ಎರಡನ್ನೂ ತಂದಿದ್ದ.

"ಹುಡುಗಿ ಮೆಟ್ರಿಕ್ ಆಗ್ಯಾಳ್ರಿ. ರೊಟ್ಟಿ ಛಲೋ ಬಡೀತಾಳ. ನಿಮ್ಮ ಬಲ್ಲಿ ನೌಕರಿದಾರ ಹುಡುಗ್ರು ಅದಾರೇನ್ರಿ?"

ಡಾಕ್ಟರು ಫೋಟೋ ಬದಿಗಿಟ್ಟು ಹೇಳಿದರು: "ಅವೆಲ್ಲ ಬ್ಯಾಡ. ಮೊದಲು ರಕ್ತ ಕೊಡ್ರಿ."

ಆತ ಫೋಟೋ ಎತ್ತಿ ಜೇಬಿಗಿಟ್ಟುಕೊಂಡ. "ಮದುವಿ ದಲ್ಲಾಳೀನೇ ಬಂದ ದಿನ ರಕ್ತ ಕೇಳ್ತಾನಂದ್ರ, ಇನ್ನ ಹುಡುಗನ ಅಪ್ಪ ಏನು ಕೇಳಬೇಕು!"

ಬೋರ್ಡು ತೆಗೆಸಿದ್ದು ನಾನೇ. ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಡಾಕ್ಟರಿಗೆ ಹೇಳಲಿಲ್ಲ. ನನಗೊಬ್ಬಳೇ ಮಗಳು. ಕಮಲಾಪುರದಲ್ಲಿರುವ ನನ್ನ ಅಕ್ಕನ ಮಗನಿಗೆ ಅವಳು ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಆ ಬೋರ್ಡು ಊರಿಗೆಲ್ಲ ಮುಖ ಮಾಡಿ ನಿಂತಿದ್ದರೂ ಗಲ್ಲಾಪೆಟ್ಟಿಗೆಯ ಮುಂದೆ ಕೂತ ನನ್ನನ್ನೇ ನೋಡುತ್ತಿದ್ದಂತಿತ್ತು.

೨. ಒಳ್ಳೆಯ ಕಾಳು

ಬೋರ್ಡು ಹೋದ ಮೇಲೆ ನಾನೇ ಬಾಯಿಂದ ಬಾಯಿಗೆ ಸುದ್ದಿ ಹರಡಿದೆ. ಬಾಡಿಗೆದಾರ ಉದ್ಧಾರವಾದರೆ ಮಾಲೀಕನಿಗೂ ಒಳ್ಳೆಯದೇ. ಎದುರಿನ ಸಾಲಿನ ಕಡಲೆ ವ್ಯಾಪಾರಿಗೆ ಐದು ಜನ ಗಂಡುಮಕ್ಕಳು, ಐವರೂ ಮದುವೆಗೆ ಬಂದವರು. "ಡಾಕ್ಟರ್ ಬಲ್ಲಿ ರಕ್ತ ಕೊಡಸ್ರಿ" ಎಂದೆ.

"ಕೊಡಸೂಣ" ಎಂದು ಮರುದಿನವೇ ಎರಡನೆಯ ಮಗನನ್ನು ಕಳಿಸಿದ. ದಿನಾ ಮೋಮಿನಪುರದ ತಾಲೀಮಿಗೆ ಹೋಗಿ ಕಸರತ್ತು ಮಾಡುವ ಹುಡುಗ. ಬಾಗಿಲಲ್ಲಿ ನಿಂತರೆ ಡಾಕ್ಟರ ಕೋಣೆಗೆ ಬೆಳಕು ಬರುತ್ತಿರಲಿಲ್ಲ.

ವಾರ ಕಳೆದು ವರದಿ ಬಂತು, ಏನೂ ಇಲ್ಲ. "ಉಳಿದ ನಾಲ್ಕು ಮಂದಿ ಯಾವಾಗ ಬರ್ತಾರ?" ಎಂದು ಡಾಕ್ಟರು ಕೇಳಿದರು.

ವ್ಯಾಪಾರಿಗೆ ಆಶ್ಚರ್ಯ. "ಇನ್ಯಾಕ್ರಿ? ಒಂದು ಚೀಲ ಚುಚ್ಚಿ ನೋಡಿದ ಮ್ಯಾಲ ಲಾಟೆಲ್ಲ ನೋಡಿದಂಗ ಅಲ್ಲೇನು? ಒಂದೇ ಹೊಲದ ಮಾಲು."

"ಅಲ್ರಿ, ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಬಂದಿರ್ತದ. ಒಬ್ಬಗ ಇಲ್ಲಂದ್ರ ಇನ್ನೊಬ್ಬಗ ಇರಬಹುದು. ಅದೂ ಅಲ್ಲದ, ನೀವು ಆರಿಸಿ ಆರಿಸಿ ಪೈಲ್ವಾನನ್ನೇ ಯಾಕ ಕಳಿಸಿದ್ರಿ?"

ವ್ಯಾಪಾರಿ ನನ್ನ ಕಡೆ ತಿರುಗಿ, ಡಾಕ್ಟರನ್ನು ತೋರಿಸಿ, ನಿಜವಾದ ಕನಿಕರದಿಂದ ಹೇಳಿದ: "ಸಾವ್ಕಾರ, ಸ್ಯಾಂಪಲ್ಲಿಗಿ ಹುಳಕು ಕಾಳು ಕಳಿಸೋರು ಯಾರರೇ ಅದಾರೇನು ಗಂಜಿನ್ಯಾಗ? ಪಾಪ, ಓದಿದ ಮಂದಿಗಿ ವ್ಯವಹಾರ ಗೊತ್ತಿರಂಗಿಲ್ಲ."

೩. ಹಗ್ಗ

ಡಾಕ್ಟರಿಗೆ ಇನ್ನೊಂದು ಅಭ್ಯಾಸವಿತ್ತು. ರಕ್ತ ತೆಗೆಯುವ ಮೊದಲು ಮನೆತನದ ನಕ್ಷೆ ಬರೆಯುವುದು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಮದುವೆಗೆ ಗೆರೆ. ಒಂದು ದಿನ ತಾಜಸುಲ್ತಾನಪುರದಿಂದ ಒಬ್ಬ ಅಜ್ಜಿ ಮೊಮ್ಮಗ, ಮೊಮ್ಮಗಳನ್ನು ಕರೆದುಕೊಂಡು ಬಂದಳು. ಅವರಿಬ್ಬರಿಗೇ ಮದುವೆ. ಚಹಾ ಕುಡಿಯಲು ಹೋಗಿದ್ದ ನಾನೂ ಅಲ್ಲೇ ಕೂತೆ.

"ಅಮ್ಮಾ, ನಿನ್ನ ಗಂಡ ಮೊದಲಿಂದ ಸಂಬಂಧಿಕನೇನು?"

"ಹೌದಪಾ, ನನ್ನ ಸ್ವಾದರಮಾವ. ನಮ್ಮವ್ವನ ತಮ್ಮ."

"ಹಂಗಾದ್ರ ನಿನ್ನ ಅತ್ತಿ..."

"ನಮ್ಮ ಅಜ್ಜೀನೇ. ಬ್ಯಾರೆ ಎಲ್ಲಿಂದ ತರೂಣು? ನನ್ನ ಮಗಳನ್ನ ನನ್ನ ತಮ್ಮಗ ಕೊಟ್ಟೀನಿ. ತಮ್ಮನೇ ಅಳಿಯ. ಈಗ ಮಗನ ಮಗಳನ್ನ ಮಗಳ ಮಗಗ ಮಾಡ್ಲಾಕತ್ತೀವಿ."

ಡಾಕ್ಟರು ಬರೆದರು, ಅಳಿಸಿದರು, ಮತ್ತೆ ಬರೆದರು. ಹೊರಗೆ ಹೊರಟ ಗೆರೆ ಪ್ರತಿ ಸಲವೂ ಸುತ್ತಿ ಬಂದು ಮೊದಲಿನ ಸೊನ್ನೆಗೇ ಮುಟ್ಟುತ್ತಿತ್ತು. ಕಾಗದ ಸಾಲದೆ ನನ್ನ ಅಂಗಡಿಯ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬಂದರು. ಕೊನೆಗೆ ಪೆನ್ನು ಕೆಳಗಿಟ್ಟರು.

"ಅಮ್ಮಾ, ವಂಶ ಅಂದ್ರ ಗಿಡ ಇದ್ದಂಗ. ಟೊಂಗಿ ಹೊರಗ ಹೋಗಬೇಕು. ಇದು ಗಿಡ ಅಲ್ಲ, ಹೊಸೆದ ಹಗ್ಗ ಆಗ್ಯದ."

ಅಜ್ಜಿ ಕ್ಯಾಲೆಂಡರನ್ನು ಕಣ್ಣ ಹತ್ತಿರ ಹಿಡಿದು ನೋಡಿ ತಲೆಯಾಡಿಸಿದಳು. "ಹೌದಪಾ. ಹೊಲ ಹೊರಗ ಹೋಗಬಾರದಂತ ಗಟ್ಟಿಯಾಗೇ ಹೊಸೆದೀವಿ."

ಇಬ್ಬರ ರಕ್ತದಲ್ಲೂ ಏನೂ ಇರಲಿಲ್ಲ. ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳಂತೆ: "ದೊಡ್ಡ ಡಾಕ್ಟರ್ ಕಾಗದದ ಮ್ಯಾಲ ಬರದು ನೋಡ್ಯಾನ. ಹಗ್ಗ ಗಟ್ಟಿ ಅದಂತ!"

ನಾನು ಮನೆಗೆ ಬಂದು, ಯಾರಿಗೂ ಕಾಣದ ಹಾಗೆ, ನಮ್ಮ ಮನೆತನದ ನಕ್ಷೆ ಬರೆದು ನೋಡಿದೆ. ಅರ್ಧಕ್ಕೇ ನಿಲ್ಲಿಸಿ ಹರಿದುಹಾಕಿದೆ. ನಮ್ಮದೂ ಹಗ್ಗವೇ.

೪. ಶನಿ

ಗಂಜಿನ ಹಿಂದಿನ ಓಣಿಯಲ್ಲಿ ಒಬ್ಬ ಆಚಾರ್ಯರು. ಹೆಂಡತಿ ಮಕ್ಕಳ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ದೇವರ ಜೊತೆ ಸಂಸ್ಕೃತ. ಜಾತಕ ಕೂಡಿಸುವುದರಲ್ಲಿ ಅವರ ಮಾತೇ ಕೊನೆ. ಡಾಕ್ಟರು ಬಂದ ಹೊಸದರಲ್ಲಿ ಅವರು ಈ ಕಡೆ ಹಾಯುತ್ತಲೂ ಇರಲಿಲ್ಲ. "ಮೂವತ್ತಾರು ಗುಣ ನಾವು ನೋಡ್ತೀವಿ. ಮೂವತ್ತೇಳನೇದು ಇವರು ಎಲ್ಲಿಂದ ತಂದರು?" ಎನ್ನುತ್ತಿದ್ದರು.

ಆಮೇಲೆ ಏನಾಯಿತೋ, ರಕ್ತ ಕೊಡಲು ಬರುವವರು ಒಮ್ಮೆಲೇ ಹೆಚ್ಚಾದರು. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಆಚಾರ್ರು ಕಳಿಸ್ಯಾರ್ರಿ. ರಿಪೋರ್ಟ್ ತಂದ್ರೇ ಜಾತಕ ಬಿಚ್ತೀನಿ ಅಂದಾರ."

ಡಾಕ್ಟರಿಗೆ ಸಂತೋಷ. ಒಂದು ಸಂಜೆ ಇಬ್ಬರನ್ನೂ ನನ್ನ ಅಂಗಡಿಯಲ್ಲಿ ಕೂಡಿಸಿ ಚಹಾ ತರಿಸಿದೆ. ಆಗ ಗುಟ್ಟು ಹೊರಬಿತ್ತು. ಹುಡುಗ ಹುಡುಗಿ ಇಬ್ಬರ ವರದಿಯಲ್ಲೂ ಕೊರತೆ ಕಂಡರೆ ಆಚಾರ್ಯರು ಅದನ್ನು ಹೇಳುತ್ತಲೇ ಇರಲಿಲ್ಲ. ವರದಿಯನ್ನು ಪಂಚಾಂಗದೊಳಗೆ ಇಟ್ಟು, ಕಣ್ಣು ಮುಚ್ಚಿ, ಬೆರಳು ಎಣಿಸಿ, "ಶನಿಯ ದೃಷ್ಟಿ ಸಂತಾನದ ಮ್ಯಾಲ ಬಿದ್ದದ. ಈ ಸಂಬಂಧ ಬ್ಯಾಡ" ಎನ್ನುತ್ತಿದ್ದರು.

ಡಾಕ್ಟರಿಗೆ ಸಿಟ್ಟು ಬಂತು. "ಆಚಾರ್ರ, ಇದು ಮೋಸ ಆಗ್ತದ. ನಾ ಕಷ್ಟಪಟ್ಟು ಕಂಡುಹಿಡದದ್ದು ನೀವು ಶನಿ ಹೆಸರಿಗಿ ಹಾಕ್ತೀರಿ!"

ಆಚಾರ್ಯರು ಬಟ್ಟಲಿಗೆ ಸುರಿದ ಚಹಾ ಊದಿ ಕುಡಿದು ಹೇಳಿದರು: "ಡಾಕ್ಟರ, ಹೋದ ತಿಂಗಳು ನೀವೇ ಒಬ್ಬರಿಗಿ ಬ್ಯಾಡಂತ ತಾಸುಗಟ್ಟಲೆ ಹೇಳಿದ್ರಿ. ಕೇಳಿದರೇನು?"

"ಇಲ್ಲ."

"ನಾ ಹೇಳಿದೆ. ಕೇಳಿದರಲ್ಲ? ನಿಮಗ ಯಾರ್ರಿ ಅಂಜತಾರ? ಸೂಜಿ ಚುಚ್ಚಿದ್ರ ಎರಡು ನಿಮಿಷ ನೋವು. ಶನಿ ಹಿಡದ್ರ ಏಳೂವರೆ ವರ್ಷ."

೫. ಕೆಂಪು ಬಾಳೆ

ಗುರುವಾರಕ್ಕೊಮ್ಮೆ ಡಾಕ್ಟರು ಕಮಲಾಪುರಕ್ಕೂ ಹೋಗತೊಡಗಿದರು. ಕೂಡಲು ಜಾಗ ಕೊಡಿಸಿದ್ದು ನಾನೇ, ಭಾವನ ಮನೆಯ ಪಡಸಾಲೆಯಲ್ಲಿ. ಭಾವನದು ಕೆಂಪು ಬಾಳೆಯ ತೋಟ. ವ್ಯವಹಾರ ಮಾತ್ರ ಪೂರ್ತಿ ನನ್ನ ಅಕ್ಕನ ಕೈಯಲ್ಲಿ. ಅಕ್ಕ ನನಗಿಂತ ದೊಡ್ಡ ವ್ಯಾಪಾರಿ. ಗೊನೆಯನ್ನು ಕೈಯಲ್ಲಿ ಎತ್ತಿ ನೋಡದೆ, ಬರೀ ಕಣ್ಣಿಂದ ನೋಡಿಯೇ ತೂಕ ಹೇಳುತ್ತಾಳೆ.

ಜನ ಬರಲೆಂದು ಭಾವ ಒಂದು ಉಪಾಯ ಮಾಡಿದ. ರಕ್ತ ಕೊಟ್ಟವರಿಗೆ ಒಂದು ಕೆಂಪು ಬಾಳೆಹಣ್ಣು. ಮೊದಲ ಗುರುವಾರ ಎಂಟು ಜನ ಬಂದಿದ್ದರು, ಎರಡನೆಯ ಗುರುವಾರ ಸಾಲು ರಸ್ತೆಗೆ ಬಂತು. ಡಾಕ್ಟರಿಗೆ ಆನಂದ, ಜನರಲ್ಲಿ ತಿಳಿವಳಿಕೆ ಬಂತೆಂದು. ವರದಿಗಳು ಬಂದಾಗ ನೋಡಿದರೆ ಮೂರು ಬೇರೆ ಬೇರೆ ಹೆಸರಿನವರ ಅಂಕಿಗಳು ಪಕ್ಕಾ ಒಂದೇ. ಹುಡುಕಿದರೆ ಮೂವರೂ ಒಬ್ಬನೇ. ಹಲ್ಲಿಲ್ಲದ ಒಬ್ಬ ಮುದುಕ.

"ಯಜಮಾನ್ರ, ಮೂರು ಸಲ ಚುಚ್ಚಿಸಿಕೊಂಡೀರಲ್ರಿ! ಮದುವಿ ಆಗೋರೇನು ಈ ವಯಸ್ಸಿನ್ಯಾಗ?"

"ಇಲ್ಲಪ್ಪ. ಈ ಊರಿನ್ಯಾಗ ನನಗ ಕಡಿಲಿಕ್ಕಿ ಬರೋದು ಅದೊಂದೇ."

ಬಾಳೆಹಣ್ಣಿನ ಆಸೆಗೂ ಬಗ್ಗದವನು ಒಬ್ಬನೇ, ಭಾವನ ಟೆಂಪೋ ಓಡಿಸುವ ಡ್ರೈವರ್. ಎರಡೂ ಹೆಗಲ ಮೇಲೆ ಒಂದೊಂದು ಗೊನೆ ಹೊತ್ತು ಬೀಡಿ ಸೇದುತ್ತ ನಡೆಯುವ ಆಳು. ಅವನ ಮದುವೆಯೂ ಮಾವನ ಮಗಳ ಜೊತೆ ನಿಶ್ಚಯವಾಗಿತ್ತು. ಡಾಕ್ಟರು ಕರೆದರೆ, "ನನಗೇನು ಧಾಡಿಯಾಗ್ಯದ್ರಿ? ಕಲ್ಲು ತಿಂದು ಕರಗಸ್ತೀನಿ" ಎಂದು ಹೋಗಿಬಿಡುತ್ತಿದ್ದ. ಅಕ್ಕ ಅವನನ್ನೇ ನೋಡುತ್ತ ನನಗೆ ಹೇಳಿದಳು: "ಆಳಂದ್ರ ಹಿಂಗಿರಬೇಕು ನೋಡು ತಮ್ಮಾ. ನಂಬರ್ ಒಂದು ಮಾಲು."

ಆ ಮಾತು ನಾನು ನೆನಪಿಟ್ಟುಕೊಳ್ಳಬೇಕಾಗಿತ್ತು.

೬. ಹೋಳಿಗೆ

ನಮ್ಮ ಮನೆಯಲ್ಲಿ ಮಾತು ತೆಗೆದವಳು ಮಗಳೇ. ಬಿ.ಕಾಂ. ಕೊನೆಯ ವರ್ಷ. "ಅಪ್ಪಾ, ಊರ ಮಂದಿಗೆಲ್ಲ ರಕ್ತ ಕೊಡ್ರಿ ಅಂತೀರಿ. ನಮ್ಮ ಮನ್ಯಾಗ ರಕ್ತ ಇಲ್ಲೇನು?" ಎಂದಳು.

"ನಿಂದು ತೊಟ್ಟಿಲದಾಗೇ ಮುಗದ ಮಾತು."

"ನಾನೂ ಅವನ್ನೇ ಆಗ್ತೀನ್ರಿ. ಆದ್ರ ನೋಡಿ ಆಗ್ತೀನಿ. ನೀವು ನೋಡ್ಲಾರದ ಒಂದು ಚೀಲರೇ ತಗೊಂಡೀರೇನು?"

ನಾನೇ ಅವಳನ್ನು ಡಾಕ್ಟರ ಕೋಣೆಗೆ ಕರೆದುಕೊಂಡು ಹೋದೆ. ರಕ್ತ ಕೊಟ್ಟಳು. ಕೊರತೆ ಇದೆಯೆಂದು ಬಂತು, ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದದ್ದು. ಅವಳಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಕಮಲಾಪುರದ ಹುಡುಗನಲ್ಲೂ ಅದೇ ಇದ್ದರೆ ಈ ಮದುವೆ ಬೇಡ. ಅವನಲ್ಲಿ ಇಲ್ಲದಿದ್ದರೆ ಯಾವ ಅಡ್ಡಿಯೂ ಇಲ್ಲ. ಎಲ್ಲ ಬಂದು ನಿಂತದ್ದು ಅವನ ಒಂದು ಬಾಟಲಿ ರಕ್ತದ ಮೇಲೆ.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೇಳಿದವಳೇ, "ನಮ್ಮ ಅಪ್ಪನ ರಕ್ತ ಬಂಗಾರ. ಇದು ನಿನ್ನ ಹೆಂಡ್ತಿ ತವರುಮನಿಯಿಂದ ಬಂದದ್ದು. ಮದುವಿ ದಿನಾನೇ ಅಂದಿದ್ದೆ ನಾನು, ಆ ಮನಿ ಮಂದಿ ಬಿಳಚಿಕೊಂಡಾರ ಅಂತ" ಎಂದಳು.

ಫೋನಿನ ಮಾತು ಅಡಿಗೆಮನೆಗೂ ಕೇಳಿಸಿತು. ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. "ನಡೀರಿ. ನಾನೂ ಕೊಡ್ತೀನಿ, ನೀವೂ ಕೊಡ್ರಿ."

ವಾರಕ್ಕೆ ವರದಿ ಬಂತು. ಹೆಂಡತಿಗೆ ಏನೂ ಇಲ್ಲ. ಇದ್ದದ್ದು ನನಗೆ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಅಷ್ಟು ಹುರುಪಿನಿಂದ ಹೋಳಿಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಎರಡು ಡಬ್ಬಿ ಕಟ್ಟಿದಳು. ಒಂದು ಡಾಕ್ಟರಿಗೆ, ಇನ್ನೊಂದು ಕಮಲಾಪುರಕ್ಕೆ.

೭. ಅರಗು

ಹೋಳಿಗೆ ಮುಟ್ಟಿದ ದಿನದಿಂದ ಅಕ್ಕನ ದನಿ ತಗ್ಗಿತು. ಲೆಕ್ಕ ಅವಳಿಗೂ ಬರುತ್ತದೆ. ನಮ್ಮಿಬ್ಬರ ತಂದೆ ತಾಯಿ ಒಬ್ಬರೇ. ನನಗೆ ಬಂದದ್ದು ಅವಳಿಗೂ ಬಂದಿರಬಹುದು. ಅವಳಿಂದ ಮಗನಿಗೂ.

"ಸೋಮವಾರ ಟೆಂಪೋ ಮಾಲು ತಗೊಂಡು ಕಲಬುರ್ಗಿಗಿ ಬರ್ತದ. ಅದರಾಗೇ ಮಗನ್ನ ಕಳಿಸ್ತೀನಿ" ಎಂದಳು. ಗುರುವಾರ ಡಾಕ್ಟರೇ ಅವಳ ಪಡಸಾಲೆಗೆ ಬರುವಾಗ ಸೋಮವಾರವೇ ಯಾಕೆ ಎಂದು ನಾನು ಕೇಳಲಿಲ್ಲ. ಗಂಜಿನಲ್ಲಿ ಇಂಥ ಪ್ರಶ್ನೆ ಕೇಳದವನು ಆರು ತಿಂಗಳಲ್ಲಿ ಅಂಗಡಿ ಮುಚ್ಚುತ್ತಾನೆ. ಆದರೆ ಮಾಲು ಕೊಡುವವಳು ಸ್ವಂತ ಅಕ್ಕನಾದಾಗ ಬುದ್ಧಿ ಸ್ವಲ್ಪ ರಜೆ ಹಾಕುತ್ತದೆ.

ಆ ಸೋಮವಾರ ಡಾಕ್ಟರು ಹುಮನಾಬಾದಿಗೆ ಯಾರದೋ ಮದುವೆಗೆ ಹೋಗಿದ್ದರು. ಅದು ಅಕ್ಕನಿಗೆ ಮೊದಲೇ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಕಂಪೌಂಡರ್ ಹೊಸಬ, ನಮ್ಮ ಮನೆಯವರು ಯಾರೂ ಅವನಿಗೆ ಗೊತ್ತಿಲ್ಲ. ನಾನು ತೊಗರಿಯ ಹರಾಜಿಗೆ ಹೋಗಿದ್ದೆ. ಬಂದು ಕೇಳಿದೆ: "ಕಮಲಾಪುರದ ಹುಡುಗ ಬಂದಿದ್ದನೇನು?"

"ಬಂದು ಕೊಟ್ಟು ಹೋದರ್ರಿ ಸಾವ್ಕಾರ್ರ. ನಿಮ್ಮ ಅಳಿಯ ಭಾರಿ ಗಟ್ಟಿ ಆಳು ಬಿಡ್ರಿ!"

ನನ್ನ ಅಳಿಯ ಜೋಳದ ದಂಟಿನಂಥವನು. ಅವನನ್ನು ಗಟ್ಟಿ ಆಳು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಮದುವೆ ಹತ್ತಿರ ಬಂತಲ್ಲ, ಮೈ ಕೂಡಿಕೊಂಡಿರಬೇಕು ಎಂದುಕೊಂಡು ಸಂತೋಷಪಟ್ಟೆ.

ಆದರೂ ವ್ಯಾಪಾರಿ ವ್ಯಾಪಾರಿಯೇ. ದಾರಿಯಲ್ಲಿ ಸ್ಯಾಂಪಲ್ ಬದಲಾಗುವುದನ್ನು ಕಣ್ಣಾರೆ ಕಂಡವನು ನಾನು. ಅರಗು ಕಾಯಿಸಿ ಬಾಟಲಿಯ ಬಾಯಿಗೆ ಹಾಕಿ, ಅಂಗಡಿಯ ಹಿತ್ತಾಳೆ ಮುದ್ರೆ ಒತ್ತಿ, ಐಸಿನ ಡಬ್ಬಿಯಲ್ಲಿಟ್ಟು ಹೈದರಾಬಾದಿಗೆ ಕಳಿಸಿದೆ. ಇನ್ನು ಬ್ರಹ್ಮನೂ ಬದಲು ಮಾಡುವಂತಿಲ್ಲ.

ವರದಿ ಬಂತು. ಹುಡುಗನಲ್ಲೂ ಇದೆ.

ಡಾಕ್ಟರು ಕಾಗದ ನನ್ನ ಕೈಗೆ ಕೊಟ್ಟು, "ಮದುವಿ ಮಾಡಬ್ಯಾಡ್ರಿ ಅಂತ ಹೇಳ್ಲಿಕ್ಕಿ ನಾ ಯಾರೂ ಅಲ್ಲ. ಆಗೋದು ಏನಂತ ಹೇಳೀನಿ, ಅಷ್ಟೇ" ಎಂದರು. ಮನೆಯಲ್ಲಿ ಮಗಳು ವರದಿಯನ್ನು ಎರಡು ಸಲ ಓದಿದಳು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. "ಬ್ಯಾಡಪ್ಪಾ. ಆ ಮಗುವಿನ ಕಥಿ ಡಾಕ್ಟರು ನನಗೂ ಹೇಳ್ಯಾರ. ಅತ್ತಿಗಿ ನೀವೇ ಹೋಗಿ ಹೇಳಿ ಬರ್ರಿ, ಫೋನಿನ್ಯಾಗ ಬ್ಯಾಡ."

ಕಮಲಾಪುರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಗೊನೆ ಇಳಿಸುತ್ತಿದ್ದಳು. ಹೇಳಿದೆ. ಅವಳು ಹಣೆಗೆ ಕೈ ಹಚ್ಚಿಕೊಂಡು ಕೂತಳು. ಆಮೇಲೆ ಮೆಲ್ಲಗೆ ಕೈ ತೆಗೆದು ಕೇಳಿದಳು: "ಯಾರ ರಕ್ತದಾಗ ಅದಂತ?"

"ನಿನ್ನ ಮಗನ ರಕ್ತದಾಗ."

"ಸೋಮವಾರ ಕೊಟ್ಟದ್ದರಾಗ?"

"ಹೌದು. ನಾನೇ ಅರಗು ಹಾಕಿ ಕಳಿಸೀನಿ."

ಅಕ್ಕ ನಗತೊಡಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ದುಃಖಕ್ಕೆ ತಲೆ ಕೆಟ್ಟಿತೆಂದು ಭಾವನನ್ನು ಕೂಗಲು ಹೊರಟಿದ್ದೆ. ಅಷ್ಟರಲ್ಲಿ ನನ್ನ ಕೈ ಹಿಡಿದಳು. "ಬೈಬ್ಯಾಡ ತಮ್ಮಾ. ಅದು ನನ್ನ ಮಗನ ರಕ್ತ ಅಲ್ಲ. ಅವನಿಗಿ ಸೂಜಿ ಅಂದ್ರ ಅಂಜಿಕಿ. ನನಗ ರಿಪೋರ್ಟಿನ ಅಂಜಿಕಿ. ಒಳ್ಳೇ ಮಾಲು ನೋಡಿ ಸ್ಯಾಂಪಲ್ ಕಳಿಸಿದ್ದೆ."

ಅವಳು ನೋಡಿದ ಕಡೆ ನಾನೂ ನೋಡಿದೆ. ಎರಡು ಹೆಗಲ ಮೇಲೆ ಎರಡು ಗೊನೆ ಹೊತ್ತು, ಬಾಯಲ್ಲಿ ಬೀಡಿ ಕಚ್ಚಿಕೊಂಡು ಡ್ರೈವರ್ ಬರುತ್ತಿದ್ದ. ನನ್ನ ಮುಖ ನೋಡಿದವನೇ ನಿಂತ.

"ನಂದೇನು ತಪ್ಪಿಲ್ರಿ ಸಾವ್ಕಾರ್ರ! ಅಮ್ಮೋರು ಹೇಳಿದ್ರು, ಬಜಾರದಾಗ ಬಾಳಿಹಣ್ಣು ಇಳಿಸು, ಗಂಜಿನ್ಯಾಗ ಒಂದು ಬಾಟಲಿ ರಕ್ತ ಇಳಿಸು, ಖಾಲಿ ಗಾಡಿ ತಗೊಂಡು ಬಾ ಅಂತ. ಇಳಿಸಿದೆ, ಬಂದೆ."

೮. ಒಂದನೇ ನಂಬರ್

ಡಾಕ್ಟರಿಗೆ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ, ಬಹಳ ಹೊತ್ತು ನಕ್ಕರು. "ಸಾವ್ಕಾರ್ರ, ಅರಗು ಬಾಟಲಿಗಿ ಹಾಕಿದ್ರಿ. ಮನುಷ್ಯಾಗ ಯಾರು ಹಾಕಬೇಕು?" ಎಂದರು. ಆಮೇಲೆ ಡ್ರೈವರನಿಗೆ ಹೇಳಿಕಳಿಸಿ ಅವನ ಮಾವನ ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಅವಳಲ್ಲಿ ಏನೂ ಇರಲಿಲ್ಲ, ಅವನ ಮದುವೆಗೆ ಅಡ್ಡಿಯಾಗಲಿಲ್ಲ. ಬಾಳೆಹಣ್ಣಿಗೂ ಬಗ್ಗದವನ ರಕ್ತ ಮೋಸದಿಂದಲೇ ಸಿಕ್ಕಿತಲ್ಲ ಎಂದು ಡಾಕ್ಟರು ಅಕ್ಕನಿಗೆ ನಮಸ್ಕಾರ ಹೇಳಿಕಳಿಸಿದರು.

ಆದರೆ ನನ್ನ ಮಗಳ ಪ್ರಶ್ನೆ ಇದ್ದಲ್ಲೇ ಇತ್ತು. ಮಗಳು ರಕ್ತದ ಮಾತು ತೆಗೆಯುವ ಮೊದಲೇ ಆಚಾರ್ಯರು ಕೊಟ್ಟಿದ್ದ ಮುಹೂರ್ತಕ್ಕೆ ಉಳಿದದ್ದು ಹದಿಮೂರು ದಿನ. ಈ ಸಲ ನಾನೇ ಜೀಪು ತೆಗೆದುಕೊಂಡು ಹೋಗಿ ಅಳಿಯನನ್ನು ಕೂಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವನ ಮಣಿಕಟ್ಟು ನನ್ನ ಕೈಯಲ್ಲೇ ಇತ್ತು.

"ಮಾಮಾ, ಮಲಗಿದಾಗ ಚುಚ್ಚಿದ್ರ ನಡೀತದೇನು?"

"ನಡಿ, ಸುಮ್ಮ ಕೂಡು."

ಗಂಜಿಗೆ ಬರುವ ಹೊತ್ತಿಗೆ ಹರಾಜು ಶುರುವಾಗಿತ್ತು. ನಾನು ಹೋಗಲೇಬೇಕು. ಡಾಕ್ಟರ ಮುಂದೆ ಇಪ್ಪತ್ತು ಜನ ಜ್ವರದವರು, ರಕ್ತ ತೆಗೆಯುವವನು ಅದೇ ಕಂಪೌಂಡರ್. ಒಳಗೆ ಒಬ್ಬ ಗಟ್ಟಿ ಹಮಾಲ ಕೂತಿದ್ದ. ನನ್ನ ಅಳಿಯ ಅವನನ್ನು ನೋಡಿದ ರೀತಿ ನನಗೆ ಸರಿಬರಲಿಲ್ಲ. ಅಕ್ಕನ ಮಗನಲ್ಲವೇ.

ಅಂಗಡಿಯೊಳಗೆ ಎಳೆದುಕೊಂಡು ಹೋದೆ. ಚೀಲಗಳ ಮೇಲೆ ಮಾರ್ಕು ಹೊಡೆಯುವ ತಗಡಿನ ಅಚ್ಚು ಗೋಡೆಗೆ ತೂಗುಹಾಕಿತ್ತು, ಕೆಳಗೆ ಕರಿ ಮಸಿಯ ಡಬ್ಬಿ. ಹುಡುಗನ ಅಂಗಿ ತೋಳು ಮೇಲಕ್ಕೆ ಸರಿಸಿ, ಅಚ್ಚು ಇಟ್ಟು, ಕುಂಚ ಎಳೆದೆ. ನನ್ನ ಅಂಗಡಿಯ ಹೆಸರು, ಅದರ ಕೆಳಗೆ 'ಒಂದನೇ ನಂಬರ್'. ತೋಳು ಸಣಕಲು, 'ನಂಬರ್' ಸುತ್ತಿಕೊಂಡು ಮೊಣಕೈ ಹಿಂದೆ ಹೋಯಿತು.

ಕಂಪೌಂಡರನಿಗೆ ಹೇಳಿದೆ: "ಈ ಮಾರ್ಕು ಇದ್ದ ಕೈಗೇ ಚುಚ್ಚು. ಮಾರ್ಕಿಲ್ಲದ ಕೈ ಯಾರದೇ ಇರ್ಲಿ, ಮಾಲು ನಂದಲ್ಲ."

ಐದು ದಿನಕ್ಕೆ ಹೈದರಾಬಾದಿನಿಂದ ಫೋನ್ ಬಂತು. ಹುಡುಗನಲ್ಲಿ ಏನೂ ಇಲ್ಲ. ಮಗಳು ಈ ಸಲ ಬಚ್ಚಲಿಗೆ ಹೋಗಲಿಲ್ಲ, ನೇರ ಫೋನಿನ ಹತ್ತಿರ ಹೋಗಿ ಅತ್ತೆಯ ಜೊತೆ ಸೀರೆಯ ಬಣ್ಣದ ಜಗಳಕ್ಕೆ ನಿಂತಳು. "ಅಕ್ಕಾ, ಇನ್ನ ನೀನೂ ಒಮ್ಮೆ ರಕ್ತ ಕೊಟ್ಟುಬಿಡು" ಎಂದು ನಾನೂ ಕೂಗಿದೆ. ಆ ಕಡೆಯಿಂದ ಉತ್ತರ ಬಂತು: "ನನಗ್ಯಾಕೋ? ನನ್ನ ಮದುವಿ ಆಗಿ ಹೋಗ್ಯದ!"

ಮುಹೂರ್ತಕ್ಕೆ ಎಂಟು ದಿನ ಇತ್ತು. ಆ ಎಂಟು ದಿನವೂ ಕಮಲಾಪುರದಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿರಲಿಲ್ಲ. ಹುಡುಗನ ತೋಳಿಗೆ ಸಾಬೂನು, ಸೀಮೆಎಣ್ಣೆ, ನಿಂಬೆಹಣ್ಣು, ಬೂದಿ ಎಲ್ಲ ಹಚ್ಚಿ ತಿಕ್ಕಿದ್ದರಂತೆ. ನನ್ನ ಮಸಿ ಗೋಣಿಚೀಲಕ್ಕೆಂದು ಮಾಡಿದ್ದು, ಲಾರಿಯ ಮೇಲೆ ಮಳೆ ಬಿಸಿಲು ತಿಂದು ಮುಂಬಯಿ ಮುಟ್ಟಿದರೂ ಅಳಿಯುವುದಲ್ಲ. ಅರಿಶಿಣ ಹಚ್ಚಿದ ಮೇಲಂತೂ ಹಳದಿಯ ಮೇಲೆ ಕರಿ ಅಕ್ಷರ ಇನ್ನೂ ಎದ್ದು ಕಂಡಿತಂತೆ.

ಮದುವೆಯ ದಿನ ಹುಡುಗ ಶಲ್ಯ ಹೊದ್ದುಕೊಂಡೇ ಕೂತಿದ್ದ, ಆ ಸೆಕೆಯಲ್ಲೂ. ಧಾರೆಯ ಹೊತ್ತು ಬಂತು. ಹೆಂಡತಿ ತಂಬಿಗೆ ಹಿಡಿದು ನನ್ನ ಪಕ್ಕದಲ್ಲಿ ನಿಂತಳು. ಮಗಳ ಕೈ ಅವನ ಕೈಯಲ್ಲಿಟ್ಟು ನೀರೆರೆಯಬೇಕು. ಅವನು ಕೈ ಚಾಚಿದ, ಶಲ್ಯ ಜಾರಿತು.

ಮಂತ್ರ ಹೇಳುತ್ತಿದ್ದ ಆಚಾರ್ಯರು ಒಮ್ಮೆಲೇ ನಿಂತರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಹುಡುಗನ ತೋಳನ್ನು ಹಿಡಿದು, ಮೊಣಕೈಯ ಹಿಂದಿನವರೆಗೂ ತಿರುಗಿಸಿ ಪೂರ್ತಿ ಓದಿದರು. ಮೊದಲು ಅಕ್ಕನ ಮುಖ ನೋಡಿದರು, ಆಮೇಲೆ ನನ್ನ ಮುಖ.

"ಸಾವ್ಕಾರ್ರ," ಎಂದರು, "ಧಾರಿ ಅಂದ್ರ ನಿಮ್ಮ ಮಗಳನ್ನ ನೀವು ಕಮಲಾಪುರದವರಿಗಿ ಕೊಡೋದು. ಇಲ್ಲಿ ನೋಡಿದ್ರ ಹುಡುಗನ ಮ್ಯಾಲೇ ನಿಮ್ಮ ಅಂಗಡಿ ಮಾರ್ಕು ಬಿದ್ದು ಬಿಟ್ಟದ. ಈಗ ಯಾರು ಯಾರಿಗಿ ಕೊಡ್ಲಾಕತ್ತೀರಿ, ಅದೊಂದು ಹೇಳಿಬಿಡ್ರಿ. ಮಂತ್ರ ಆ ಪ್ರಕಾರ ಹೇಳ್ತೀನಿ."